ನಿಂತಲ್ಲೇ ಓಡುವ ಕಾರು

ತಂದ ವಸ್ತುವನ್ನು ತಂದ ಹಾಗೆಯೇ ಇಟ್ಟುಕೊಳ್ಳುವ ಅಭ್ಯಾಸ ಬೆಂಗಳೂರಿನ ಸಂಸಾರಗಳಿಗೆ ಎಂದೂ ಇದ್ದುದಲ್ಲ. ಅಂಗಡಿಯಿಂದ ಬಂದ ಸೀರೆಗೆ ಫಾಲ್ ಹೊಲಿಸದೆ ಉಡುವ ಗೃಹಿಣಿಯುಂಟೆ? ಹೊಸ ಸ್ಟೀಲು ಪಾತ್ರೆ ಮೈಮೇಲೆ ಹೆಸರು ಹಾಕಿಸಿಕೊಳ್ಳದೆ ಅಡಿಗೆಮನೆಯ ಹೊಸ್ತಿಲು ದಾಟುವುದುಂಟೆ? ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದ ಯಜಮಾನರು ಗೃಹಪ್ರವೇಶದ ಮಾವಿನೆಲೆ ಒಣಗುವ ಮೊದಲೇ ಮೇಸ್ತ್ರಿಯನ್ನು ಮರಳಿ ಕರೆಸಿ, ಹಿತ್ತಿಲ ಕಡೆಗೆ ಒಂದು ಶೀಟು ಇಳಿಬಿಡಿಸುತ್ತಾರೆ. ಹಣ ಕೊಟ್ಟು ತಂದದ್ದರ ಮೇಲೆ ಒಮ್ಮೆ ಕೈಯಾಡಿಸಿದ ಮೇಲೆಯೇ ಅದು ಮನೆಯ ವಸ್ತುವಾಯಿತೆಂಬ ಸಮಾಧಾನ. ಇಂಥ ಊರಿನಲ್ಲಿ ಕಾರೊಂದನ್ನು ಮಾತ್ರ ಕಾರ್ಖಾನೆಯಿಂದ ಬಂದಂತೆಯೇ ಬಿಟ್ಟಿರಬೇಕೆಂದರೆ ಅದು ಯಾವ ನ್ಯಾಯ?

ನ್ಯಾಯದ ಮಾತು ಮುಂದೆ ಬರುತ್ತದೆ. ಮೊದಲು ಭಾನುವಾರದ ಬೆಳಗನ್ನು ನೋಡಬೇಕು. ಬನಶಂಕರಿ ಆರನೆಯ ಹಂತದ ಅಂಚಿನಲ್ಲಿ, ನಿವೇಶನಗಳು ಮಾರಾಟವಾಗಿ ಮನೆಗಳಿನ್ನೂ ಏಳದಿರುವ ಕಡೆ, ಅಗಲವಾದ ಡಾಂಬರು ರಸ್ತೆಗಳು ಯಾರಿಗೂ ಬೇಡವಾದವುಗಳಂತೆ ಮಲಗಿರುತ್ತವೆ. ದೂರದಲ್ಲಿ ತುರಹಳ್ಳಿ ಕಾಡಿನ ಕರಿಯ ಅಂಚು. ಹಾಲಿನ ವ್ಯಾನು ಬರುವ ಹೊತ್ತಿಗೆ ಅಲ್ಲಿ ಮೂರು ನಾಲ್ಕು ಕಾರುಗಳು ಬಂದು ನಿಲ್ಲುತ್ತವೆ. ಒಬ್ಬ ತರುಣ, ಮಗುವಿಗೆ ಎರೆದು ಮೈಯೊರೆಸುವ ತಾಯಿಯ ಎಚ್ಚರಿಕೆಯಿಂದ, ಮೆತ್ತನೆಯ ಬಟ್ಟೆಯಲ್ಲಿ ಬಾನೆಟ್ಟನ್ನು ಒರೆಸುತ್ತಿರುತ್ತಾನೆ. ಇನ್ನೊಬ್ಬ ರಸ್ತೆಯ ನಟ್ಟನಡುವೆ ಹೊಟ್ಟೆಯಡಿಯಾಗಿ ಮಲಗಿ ಕ್ಯಾಮೆರಾಕ್ಕೆ ಕಣ್ಣಿಟ್ಟಿರುತ್ತಾನೆ. ವಾಯುಸಂಚಾರಕ್ಕೆ ಹೊರಟ ಹಿರಿಯರೊಬ್ಬರು ಗಾಬರಿಯಿಂದ ಹತ್ತಿರ ಬಂದು, “ಏನಪ್ಪಾ, ಬಿದ್ಯಾ? ಯಾರನ್ನಾದರೂ ಕರೀಲಾ?” ಎಂದು ಕೇಳುವುದುಂಟು. “ಇಲ್ಲ ಅಂಕಲ್, ಫೋಟೋ ತೆಗೀತಿದೀನಿ,” ಎಂಬ ಉತ್ತರ ನೆಲದಿಂದಲೇ ಬರುತ್ತದೆ. ಹಿರಿಯರು ಅತ್ತ ನೋಡುತ್ತಾರೆ, ಇತ್ತ ನೋಡುತ್ತಾರೆ. ಫೋಟೋಕ್ಕೆಂದು ನಿಂತ ಮನುಷ್ಯರು ಎಲ್ಲಿಯೂ ಕಾಣದೆ, ಕಾಲಕ್ಕೆ ತಲೆದೂಗಿ ಮುಂದೆ ನಡೆಯುತ್ತಾರೆ.

ಕಾರುಗಳಾದರೂ ಎಂಥವು? ಫೋಕ್ಸ್‌ವ್ಯಾಗನ್ ಪೋಲೋ, ಸ್ಕೋಡಾ ಆಕ್ಟೇವಿಯಾ, ಎಲ್ಲೋ ಒಂದು ಹಳೆಯ ಫಿಯೆಟ್ ಪಾಲಿಯೊ. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿರುವವರದಾದರೆ ಬಿ.ಎಂ.ಡಬ್ಲ್ಯು. ಯುರೋಪಿನ ಕಾರೆಂದರೆ ಇಂದಿನ ಹುಡುಗರಿಗೆ ಹಿಡಿದ ಹೊಸ ಹುಚ್ಚೆಂದು ಹೇಳುವವರು ಸ್ವಲ್ಪ ಹಿಂದಿರುಗಿ ನೋಡಬೇಕು. 1948ರಲ್ಲಿ ಜಯನಗರ ಬಡಾವಣೆ ಹುಟ್ಟಿ, ಅಶೋಕ ಸ್ತಂಭದಾಚೆಯ ಬಯಲಿನಲ್ಲಿ ಮನೆಗಳು ಒಂದೊಂದಾಗಿ ತಲೆಯೆತ್ತಿದಾಗ, ಆ ರಸ್ತೆಗಳಲ್ಲಿ ಸುಳಿಯುತ್ತಿದ್ದ ಕೆಲವೇ ಕಾರುಗಳಲ್ಲಿ ಬಹುಪಾಲು ಯುರೋಪಿನ ವಂಶದವೇ. ಮುಂಬಯಿಯ ಕುರ್ಲಾದಲ್ಲಿ ಕೂಡುತ್ತಿದ್ದ ಫಿಯೆಟ್ 1100 ಇಟಲಿಯದು. ಮದರಾಸಿನಿಂದ 1960ರ ದಶಕದಲ್ಲಿ ಬಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಕೂಸು. ಅದರ ಮೈಮಾಟವನ್ನು ಬರೆದವನು ಮಿಕೆಲೊಟ್ಟಿ ಎಂಬ ಇಟಲಿಯ ಕುಶಲಿ. ಸರ್ಕಾರಿ ಕಚೇರಿಗಳ ಮುಂದೆ ಗಜಗಾಂಭೀರ್ಯದಿಂದ ನಿಂತು, 2014ರವರೆಗೂ ತಯಾರಾಗುತ್ತಲೇ ಇದ್ದ ಅಂಬಾಸಿಡರು ಮಾರಿಸ್ ಆಕ್ಸ್‌ಫರ್ಡ್ ಕಾರಿನ ಇನ್ನೊಂದು ಹೆಸರು. ಅಜ್ಜಂದಿರು ಯುರೋಪಿನ ಕಾರನ್ನು ಆರಿಸಿಕೊಳ್ಳಲಿಲ್ಲ, ನಿಜ, ಬೇರೆ ಸಿಗುತ್ತಿರಲಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದಿತು. ಮಧ್ಯಮ ವರ್ಗದ ಮನೆಯಂಗಳ ಅಂದಿನಿಂದ ಜಪಾನಿನ ಕಡೆಗೆ ವಾಲಿತು. ಆ ಬಳಿಕವೇ ಯುರೋಪಿನ ಕಾರು ಅಪರೂಪದ್ದೂ ಆಸೆಯದ್ದೂ ಆದದ್ದು.

2010ರಲ್ಲಿ ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗಿ ಬಂದ ಪೋಲೋ ಆ ಆಸೆಗೆ ಕೈಗೆಟುಕುವ ರೂಪ ಕೊಟ್ಟಿತು. ಚಿಕ್ಕ ಕಾರು, ಬಾಗಿಲು ಮುಚ್ಚಿದರೆ ಮಾತ್ರ ಕಬ್ಬಿಣದ ಬೀರುವಿನ ಬಾಗಿಲು ಮುಚ್ಚಿದಂತೆ ‘ಧಪ್’ ಎಂಬ ತುಂಬಿದ ಸದ್ದು. ಆ ಸದ್ದಿಗಾಗಿಯೇ ಕಾರು ಕೊಂಡವರುಂಟೆಂದರೆ ಅದು ತೀರ ಉತ್ಪ್ರೇಕ್ಷೆಯಲ್ಲ. 2017ರಲ್ಲಿ ಯುರೋಪು ಹೊಸ ಪೋಲೋಗೆ ಹೋಯಿತು. ಇಲ್ಲಿ ಹಳೆಯದೇ ಮುಂದುವರಿದು, 2022ರಲ್ಲಿ ಅದೂ ನಿಂತುಹೋಯಿತು. ತಯಾರಿಕೆ ನಿಂತ ವಸ್ತುವಿಗೆ ಬರುವ ಬೆಲೆ ಬಲ್ಲವರೇ ಬಲ್ಲರು. ಅಲ್ಲಿಯವರೆಗೆ ಅದೊಂದು ಕಾರಾಗಿತ್ತು. ಅನಂತರ ಕೆಲವು ಮನೆಗಳಲ್ಲಿ ಅದು ಮನೆತನದ ಒಡವೆಯಾಯಿತು.

ಅಂಥ ಒಂದು ಒಡವೆ ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ, ರಾಗಿಗುಡ್ಡದ ಆಂಜನೇಯನ ಗುಡಿಗೆ ಕೂಗಳತೆಯಲ್ಲಿರುವ ಮನೆಯೊಂದರಲ್ಲಿತ್ತು. ಆ ಮನೆಯ ಯಜಮಾನರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೈಕೋ ಎಂದರೆ ಜರ್ಮನಿಯ ಬಾಷ್ ಕಂಪನಿಯ ಇಲ್ಲಿನ ಕುಡಿ. 1951ರಲ್ಲಿ ಹುಟ್ಟಿ, ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ಮಾಡುತ್ತ, ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿಸಿದ ಸಂಸ್ಥೆ ಅದು. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಆಯಿತು, ಬಿ.ಟಿ.ಎಂ. ಎರಡನೆಯ ಹಂತದ ಕಡೆ ‘ಮೈಕೋ ಲೇಔಟ್’ ಎಂಬ ಹೆಸರು ಇನ್ನೂ ಉಳಿದಿದೆ. ಡೀಸೆಲ್ ಪಂಪಿನ ಒಳಗಿನ ಕಡ್ಡಿಗೂ ಅದರ ಕೊಳವೆಗೂ ನಡುವೆ ಇರಬಹುದಾದ ಸಂದು ಮೈಕ್ರಾನುಗಳ ಲೆಕ್ಕದ್ದು, ತಲೆಗೂದಲಿಗಿಂತ ಎಷ್ಟೋ ತೆಳ್ಳನೆಯದು. ಅಂಥ ಸಂದುಗಳನ್ನು ಅಳೆದು ಮುಪ್ಪಾದ ಕಣ್ಣಿಗೆ ಮಗನ ಪೋಲೋ ಒಂದು ಸೋಮವಾರ ಬೆಳಿಗ್ಗೆ ಕುಳ್ಳಾಗಿ ಕಂಡಿತು.

“ಏನೋ ಇದು, ಗಾಡಿ ಕೂತುಬಿಟ್ಟಿದೆ?”

“ಸ್ಪ್ರಿಂಗ್ ಬದಲಾಯಿಸಿದೆ ಅಪ್ಪ. ನಾಲ್ಕು ಸೆಂಟಿಮೀಟರ್ ಇಳಿಸಿದೀನಿ.”

“ಸಾವಿರ ಜನ ಎಂಜಿನಿಯರುಗಳು ಕೂತು ವರ್ಷಗಟ್ಟಲೆ ಯೋಚನೆ ಮಾಡಿ ಇಟ್ಟ ಎತ್ತರ ಕಣೋ ಅದು! ನೀನು ಒಂದು ಭಾನುವಾರದಲ್ಲಿ ಇಳಿಸಿಬಿಟ್ಟೆಯಲ್ಲೋ!”

ಮಗ ಉತ್ತರ ಕೊಡಲಿಲ್ಲ. ಉತ್ತರ ಒಳಗಿನಿಂದ, ಅಡಿಗೆಮನೆಯ ಕಡೆಯಿಂದ ಬಂದಿತು: “ನಿಮ್ಮ ಫಿಯೆಟ್ಟಿನ ಗೇರನ್ನ ಸ್ಟೀರಿಂಗಿನ ಹತ್ತಿರದಿಂದ ಕಿತ್ತು ನೆಲಕ್ಕೆ ಹಾಕಿಸಿದಾಗ ಎಷ್ಟು ಜನ ಎಂಜಿನಿಯರನ್ನ ಕೇಳಿದ್ರಿ?”

ಮಾತು ಸುಳ್ಳಲ್ಲ. ಫಿಯೆಟ್ ಕಾರಿನ ಗೇರಿನ ಹಿಡಿ ಸ್ಟೀರಿಂಗ್ ಚಕ್ರದ ಅಡಿಯಲ್ಲಿತ್ತು. ಅದನ್ನು ನೆಲಕ್ಕೆ ಇಳಿಸಿ ‘ಸ್ಪೋರ್ಟ್ಸ್’ ಮಾಡಿಸುವುದು ಅಂದಿನ ಶೋಕಿ. ಹಿಂದಿನ ಗಾಜಿಗೆ ಪರದೆ, ಸೀಟಿಗೆ ಕುಚ್ಚಿನ ಕವಚ, ಸಾಲದುದಕ್ಕೆ ಎರಡು ಸ್ವರದ ಹಾರನ್ನು! ಹೆರಾಲ್ಡ್ ಕಾರಿನ ತಾರಸಿ ಬೋಲ್ಟುಗಳಿಂದ ಕೂಡಿಸಿದ್ದು. ಅದನ್ನು ತೆಗೆಸಿ ಬಯಲು ಗಾಡಿ ಮಾಡಿಸಿಕೊಂಡು ಮೆರೆದವರೂ ಉಂಟು. ಇಂದು ಮಕ್ಕಳ ಕಾರನ್ನು ನೋಡಿ ಮೂಗು ಮುರಿಯುವ ತಂದೆಯಂದಿರು ಒಮ್ಮೆ ತಮ್ಮ ಹಳೆಯ ಆಲ್ಬಮ್ಮನ್ನು ತೆರೆಯುವುದು ಒಳ್ಳೆಯದು.

ಆದರೂ ತಂದೆಯ ಆಕ್ಷೇಪದಲ್ಲಿ ಲೆಕ್ಕವಿತ್ತು. ಪೋಲೋದ ಹೊಟ್ಟೆ ನೆಲದಿಂದ ಸುಮಾರು ಹದಿನಾರು ಸೆಂಟಿಮೀಟರು ಎತ್ತರ. ನಾಲ್ಕು ಇಳಿಸಿದರೆ ಹನ್ನೆರಡು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯುಬ್ಬು ಹತ್ತು ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು; ಅಂದರೆ ಹಸುವಿನ ಬೆನ್ನಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಕಾಗದದ ಮೇಲೆ ಪೋಲೋ ಅದನ್ನು ಸುಖವಾಗಿ ದಾಟುತ್ತದೆ. ಜಯನಗರದ ಅಡ್ಡರಸ್ತೆಗಳಲ್ಲಿರುವ ಉಬ್ಬುಗಳಾದರೋ ಕಾಗದ ಓದಿ ಹುಟ್ಟಿದವಲ್ಲ. ಯಾವುದೋ ಸ್ಕೂಟರು ಯಾರಿಗೋ ತಗುಲಿದ ಮರುರಾತ್ರಿ, ಉಳಿದ ಡಾಂಬರಿನಿಂದ ಎದ್ದ ಗೋಡೆಗಳು ಅವು. ತಗ್ಗಿಸಿದ ಕಾರಿನ ಒಡೆಯ ಅವುಗಳನ್ನು ನೇರವಾಗಿ ದಾಟುವುದಿಲ್ಲ. ದೇವರಿಗೆ ಬೆನ್ನು ತೋರಿಸಬಾರದೆಂದು ಓರೆಯಾಗಿ ಹಿಂದೆ ಸರಿಯುವ ಭಕ್ತನಂತೆ, ಒಂದೊಂದೇ ಗಾಲಿಯನ್ನು ಏರಿಸಿ ಇಳಿಸುತ್ತ ಓರೆಯಾಗಿ ದಾಟುತ್ತಾನೆ. ಹಿಂದಿನ ಆಟೋದವನು ಆಡುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಸ್ಪ್ರಿಂಗಿನ ತರುವಾಯ ಉಳಿದವು ತಾವಾಗಿಯೇ ಬಂದವು. ಜೆ.ಸಿ. ರಸ್ತೆಯ ಅಂಗಡಿಸಾಲಿನಿಂದ ದೊಡ್ಡ ಅಲಾಯ್ ಚಕ್ರಗಳು, ಅವಕ್ಕೆ ತಕ್ಕ ತೆಳು ಟೈರುಗಳು. ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ತಿದ್ದಿ ಬರೆಯಿಸಿ ಹೆಚ್ಚು ಬಲ ಬರುವಂತೆ ಮಾಡುವ ‘ರೀಮ್ಯಾಪ್’. ಕೊರಳು ದಪ್ಪನಾದ ಹೊಸ ಸೈಲೆನ್ಸರು. ಕೊನೆಗೆ ಬಿಳಿಯ ಮೈಯನ್ನೆಲ್ಲ ಮುಚ್ಚುವ ಬೂದುಬಣ್ಣದ ವಿನೈಲ್ ಹೊದಿಕೆ. ರೀಮ್ಯಾಪಿನ ವಿಷಯದಲ್ಲಿ ಒಂದು ವಿನೋದವುಂಟು. ಯುರೋಪಿನ ಎಷ್ಟೋ ಕಾರುಗಳ ಎಂಜಿನ್ ಕಂಪ್ಯೂಟರುಗಳು ಬಾಷ್ ಕಂಪನಿಯವು. ಆ ಕಂಪನಿಯ ಸಾಫ್ಟ್‌ವೇರ್ ಬರೆಯುವ ದೊಡ್ಡ ಕಚೇರಿ ಕೋರಮಂಗಲದಲ್ಲಿಯೇ ಇದೆ. ಒಬ್ಬರು ವಾರವೆಲ್ಲ ಕುಳಿತು ಬರೆದಂಥದನ್ನು ಎರಡು ಮೈಲಿಯಾಚೆ ಇನ್ನೊಬ್ಬರು ಶನಿವಾರ ಸಂಜೆ ತಿದ್ದುತ್ತಾರೆ.

ಇನ್ನು ನ್ಯಾಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಗಳಿಗಿಂತ ವಾಹನ ಬೇರೆಯಾಗುವಂತೆ ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಟಿಗೂ ಒಡೆಯನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದಾಯಿತು. ಬಣ್ಣ ಬದಲಾದರೆ ನೋಂದಣಿ ಪುಸ್ತಕದಲ್ಲಿ ಬರೆಯಿಸಬೇಕು. ವಿಮೆಯವರಿಗೆ ತಿಳಿಸದೆ ಬದಲಾಯಿಸಿದ ಕಾರು ಗುದ್ದಿದರೆ ವಿಮೆಯ ಹಣ ಬಾರದಿರಬಹುದು. ತಂದೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಸ್ಪ್ರಿಂಗು, ಚಕ್ರ, ಸೈಲೆನ್ಸರು ಎಂದು ಬರೆದು, ಐದೈದು ಸಾವಿರ ಹಾಕಿ ಕೂಡಿದರು. ಹದಿನೈದು ಸಾವಿರವಾಯಿತು. ಕಂಪ್ಯೂಟರಿನ ತಿದ್ದುಪಡಿ ಅವರ ಕಣ್ಣಿಗೆ ಕಾಣುವಂಥದಲ್ಲ. ಮಗ ಅದನ್ನು ಜ್ಞಾಪಿಸಲೂ ಇಲ್ಲ.

ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮುಂದೆ, ಪರೀಕ್ಷೆಗೆ ಓದುವ ಮಕ್ಕಳ ಕಿಟಕಿಯ ಕೆಳಗೆ, ಪಟಾಕಿಯಂತೆ ಸಿಡಿಯುತ್ತ ಹೋಗುವ ಸೈಲೆನ್ಸರಿಗೆ ಯಾವ ವಕೀಲರೂ ಸಿಗಬಾರದು. ತಂದೆಯ ಪೆನ್ಸಿಲ್ಲಿನ ಲೆಕ್ಕದಲ್ಲಿ ಅದೊಂದಕ್ಕೆ ಎರಡು ಪಟ್ಟು ಹಾಕಿದರೂ ಸಲ್ಲುತ್ತದೆ. ಉಳಿದುದರಲ್ಲಿ ಬಹುಪಾಲು, ಒಡೆಯನ ಹಣಕ್ಕೂ ಬೆನ್ನಿಗೂ ಮಾತ್ರ ನೋವು ಕೊಡುವ ನಿರುಪದ್ರವಿ ಚಪಲ.

ಹೀಗೆ ಸಿಂಗಾರಗೊಂಡ ಕಾರಿಗೆ ಒಂದು ದೊಡ್ಡ ಕಷ್ಟವಿದೆ. ಅದನ್ನು ಸಿಂಗರಿಸಿದ್ದು ನೋಡಲೆಂದು. ನೋಡುವುದಕ್ಕೆ ಎಡೆಯೇ ಇಲ್ಲ. ದಟ್ಟಣೆಯಲ್ಲಿ ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡಾಗ ಅದರ ಮುಖ ಕಂಡರೆ ಬೆನ್ನು ಕಾಣದು. ಮನೆಯ ಮುಂದೆ ನಿಲ್ಲಿಸಿದರೆ ಪಕ್ಕದವರ ಗುಜರಿ ಸ್ಕೂಟರು, ಮೇಲೆ ಕಾಗೆಯ ಕೃಪೆ. ಪೊಲೀಸರ ಕಣ್ಣಿಗೆ ಬಿದ್ದರೆ ಇನ್ನೊಂದು ತಾಪತ್ರಯ. ಆದುದರಿಂದ ಛಾಯಾಗ್ರಾಹಕ ಬೇಕಾಗುತ್ತಾನೆ. ಕಾರು ತನ್ನ ಒಡೆಯನ ಮನಸ್ಸಿನಲ್ಲಿ ಹೇಗಿದೆಯೋ ಹಾಗೆ ಅರ್ಧ ಗಂಟೆ ಇರುವಂತೆ ಮಾಡಿಕೊಡುವವನು ಅವನು.

ಒಂಬತ್ತನೆಯ ಬ್ಲಾಕಿನ ಪೋಲೋದ ಚಿತ್ರ ತೆಗೆದವನು ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಯೊಂದರ ನಿವಾಸಿ. ಲಗ್ನದ ತಿಂಗಳುಗಳಲ್ಲಿ ಕಲ್ಯಾಣಮಂಟಪಗಳಲ್ಲಿ ಧಾರೆ, ಆರತಕ್ಷತೆಗಳ ಚಿತ್ರ ತೆಗೆದು ಜೀವನ. ಕಾರುಗಳ ಚಿತ್ರಕ್ಕೆ ಅವನಿಗೆ ಸಿಗುವುದು ಬಹುವೇಳೆ ಪೆಟ್ರೋಲಿನ ಖರ್ಚು ಮತ್ತು ಒಂದು ಮಸಾಲೆದೋಸೆ. “ಮದುವೆ ಹೊಟ್ಟೆಗೆ ಗುರು, ಕಾರು ಕಣ್ಣಿಗೆ,” ಎಂಬುದು ಅವನ ವ್ಯವಹಾರ ಸೂತ್ರ. ಬೆಂಗಳೂರಿಗೆ ಈ ಬಗೆಯ ಮನುಷ್ಯರು ಹೊಸಬರೇನಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಹಕ್ಕಿಗೂಡಿನೆದುರು ಮರೆ ಕಟ್ಟಿಕೊಂಡು ಒಂದು ರೆಕ್ಕೆಯ ಬಿಚ್ಚುವಿಕೆಗಾಗಿ ಗಂಟೆಗಟ್ಟಲೆ ಕಾದ ಊರು ಇದು. ಹಕ್ಕಿಗೆ ಕಾಯುವುದು ದೊಡ್ಡದು, ಕಾರಿಗೆ ಕಾಯುವುದು ಚಿಕ್ಕದು ಎನ್ನುವವರೊಡನೆ ವಾದ ಬೇಡ. ಕಾಯುವ ಗುಣ ಒಂದೇ.

ಅವನು ಕಾಯುವುದು ಬೆಳಕಿಗೆ. ಬೆಂಗಳೂರಿನಲ್ಲಿ ಸೂರ್ಯ ಜನವರಿಯ ಕೊನೆಗೆ ಆರೂಮುಕ್ಕಾಲರ ಹೊತ್ತಿಗೂ, ಜೂನಿನಲ್ಲಿ ಆರಕ್ಕೆ ಮೊದಲೂ ಹುಟ್ಟುತ್ತಾನೆ. ಹುಟ್ಟುವ ಮುನ್ನಿನ ಕಾಲು ಗಂಟೆ ಆಕಾಶವೇ ಒಂದು ದೊಡ್ಡ ದೀಪ. ನೆರಳಿಲ್ಲದ ಆ ಬೆಳಕು ಕಾರಿನ ಮೈಯ ಏರುತಗ್ಗುಗಳನ್ನು ಒಂದೂ ಬಿಡದೆ ಹೇಳುತ್ತದೆ. ಉಷ್ಣವಲಯದ ಸೂರ್ಯನಿಗೆ ಸಾವಧಾನವಿಲ್ಲ, ನೆಟ್ಟಗೆ ಮೇಲೇರಿಬಿಡುತ್ತಾನೆ. ಏಳೂಕಾಲಿಗೆ ಅಂಗಡಿ ಮುಚ್ಚಿದಂತೆಯೇ. ಬಾನೆಟ್ಟು ಒಂದು ಕನ್ನಡಿ. ಅದರಲ್ಲಿ ಕರೆಂಟಿನ ಕಂಬ, ಕೇಬಲ್ಲಿನ ಸಿಕ್ಕು, ‘ಮನೆ ಬಾಡಿಗೆಗೆ ಇದೆ’ ಫಲಕ ಎಲ್ಲವೂ ಮೂಡುತ್ತವೆ. ಮಸೂರದ ಮುಂದೆ ತಿರುಗುವ ಒಂದು ಪೋಲರೈಸರ್ ಗಾಜನ್ನು ಕೂರಿಸಿ ಅವನು ಮೆಲ್ಲಗೆ ತಿರುವುತ್ತಾನೆ. ಮಂತ್ರ ಹಾಕಿದಂತೆ ಕಂಬ ಕರಗುತ್ತದೆ, ಫಲಕ ಮಾಯವಾಗುತ್ತದೆ. ಪೂರ್ತಿ ತಿರುಗಿಸಿದರೆ ಹೊಳಪೆಲ್ಲ ಹೋಗಿ ಕಾರು ಹೆಣದಂತೆ ಕಾಣುತ್ತದೆ. ಎಷ್ಟು ಉಳಿಸಬೇಕು, ಎಷ್ಟು ಕಳೆಯಬೇಕು ಎಂಬುದರಲ್ಲಿಯೇ ಕೈಚಳಕ.

ತಾಣಗಳ ವಿಷಯದಲ್ಲಿ ದಕ್ಷಿಣ ಬೆಂಗಳೂರು ಉದಾರಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನ ಕಡೆಗೆ, ಮೇಲೆ ಮೆಟ್ರೋ, ಕೆಳಗೆ ವಾಹನವೆಂದು ಕಟ್ಟಿದ ಎರಡಂತಸ್ತಿನ ಸೇತುವೆಯಲ್ಲಿ 2024ರ ಜುಲೈಯಿಂದ ಕಾರುಗಳು ಓಡುತ್ತಿವೆ. 2025ರ ಆಗಸ್ಟಿನಿಂದ ಮೇಲಿನ ಹಳದಿ ಮಾರ್ಗದಲ್ಲಿ ರೈಲೂ ಓಡುತ್ತಿದೆ. ರಾತ್ರಿಯ ವೇಳೆ ಅದರ ಕಂಬಗಳ ಸಾಲಿನ ಕೆಳಗಿನ ದೀಪಗಳು ಕಾರಿನ ಬೆನ್ನ ಮೇಲೆ ಮಣಿಸರದಂತೆ ಬೀಳುತ್ತವೆ. ಚಳಿಗಾಲ ಕಳೆಯುವ ಹೊತ್ತಿಗೆ ಜಯನಗರ, ಜೆ.ಪಿ. ನಗರಗಳ ರಸ್ತೆಬದಿಯಲ್ಲಿ ಟಬೂಬಿಯಾ ಮರಗಳು ಎಲೆಯುದುರಿಸಿ ಮೈತುಂಬ ಗುಲಾಬಿಬಣ್ಣದ ಹೂ ಬಿಡುತ್ತವೆ. ಒಂದು ಮರ ಮುಗಿಸಿದಾಗ ಇನ್ನೊಂದು ಆರಂಭಿಸುವಂತೆ ಊರಿನ ಮರಗಳನ್ನು ಆರಿಸಿ ನೆಡಬೇಕೆಂದು ಯೋಚಿಸಿದವರು ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, 1956ರಲ್ಲಿ ಬೆಂಗಳೂರಿನ ಮಣ್ಣಿಗೇ ಸೇರಿದವರು. ಹೂ ಹಾಸಿದ ರಸ್ತೆಯ ಮೇಲೆ ಜರ್ಮನ್ ಹೆಸರಿನ ಕಾರು ನಿಲ್ಲಿಸಿ ಚಿತ್ರ ತೆಗೆಯುವ ಹುಡುಗರಿಗೆ ಆ ಪುಣ್ಯಾತ್ಮರ ಹೆಸರು ತಿಳಿದಿರಲಿಕ್ಕಿಲ್ಲ. ಹೂವಿಗೂ ಅದರ ಗೊಡವೆಯಿಲ್ಲ.

ಇಷ್ಟೆಲ್ಲ ನಿಂತ ಕಾರಿನ ಮಾತಾಯಿತು. ಓಡುವ ಕಾರಿನ ಚಿತ್ರವೇ ಈ ವಿದ್ಯೆಯ ಶಿಖರ. ರಸ್ತೆ ಗೆರೆಗೆರೆಯಾಗಿ ಹಿಂದಕ್ಕೆ ಹರಿಯುತ್ತಿರುತ್ತದೆ, ಮರಗಳು ಹಸಿರು ಹೊಗೆಯಾಗಿರುತ್ತವೆ, ಗಾಲಿ ತಿರುಗಿ ತಟ್ಟೆಯಂತಾಗಿರುತ್ತದೆ. ನಡುವೆ ಕಾರು ಮಾತ್ರ ಕೆತ್ತಿಟ್ಟ ವಿಗ್ರಹದಂತೆ ಸ್ಪಷ್ಟ. ಇಂಥ ಚಿತ್ರ ಕಂಡ ತಾಯಿಯೊಬ್ಬಳು, “ಗಂಟೆಗೆ ನೂರೈವತ್ತರಲ್ಲಿ ಹೋಗಿದೀಯಲ್ಲೋ, ಪಾಪಿ!” ಎಂದು ಎದೆ ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಒಂಬತ್ತನೆಯ ಬ್ಲಾಕಿನ ಮನೆಯಲ್ಲಿ ಹಾಗೆಯೇ ಆಯಿತು.

ನಡೆದದ್ದು ಇಷ್ಟು. ಗಾಜಿನ ಹಾಳೆ ಎತ್ತುವವರು ಬಳಸುವಂಥ ರಬ್ಬರಿನ ಹೀರುಬಟ್ಟಲುಗಳನ್ನು ಕಾರಿನ ಮೈಗೆ ಅಂಟಿಸಿ, ಅವಕ್ಕೆ ಒಂದಾಳಿಗಿಂತ ಹೆಚ್ಚು ಉದ್ದದ ಗಳುವನ್ನು ಬಿಗಿದು, ಅದರ ತುದಿಗೆ ಕ್ಯಾಮೆರಾವನ್ನು ಕಟ್ಟುತ್ತಾರೆ. ಈಗ ಕ್ಯಾಮೆರಾವೂ ಕಾರೂ ಒಂದೇ ದೇಹ. ಎಂಜಿನ್ನನ್ನು ಪೂರ್ತಿ ನಿಲ್ಲಿಸಿಬಿಡುತ್ತಾರೆ. ಅದು ನಡುಗಿದರೆ ಗಳುವೂ ನಡುಗಿ ಚಿತ್ರ ಕೆಡುತ್ತದೆ. ಬಳಿಕ ಇಬ್ಬರು ಗೆಳೆಯರು ಹಿಂದಿನಿಂದ, ಗರ್ಭಗುಡಿಯಿಂದ ಉತ್ಸವಮೂರ್ತಿಯನ್ನು ಹೊರತರುವ 
ಮೆಲುಪಿನಿಂದ, ಕಾರನ್ನು ನೂಕುತ್ತಾರೆ. ಕ್ಯಾಮೆರಾದ ಕಣ್ಣು ಎರಡು ಸೆಕೆಂಡು ತೆರೆದೇ ಇರುತ್ತದೆ. ಆ ಎರಡು ಸೆಕೆಂಡಿನಲ್ಲಿ ಕಾರು ಸಾಗುವುದು ಸುಮಾರು ಎರಡು ಮೀಟರು. ಪೋಲೋದ ಗಾಲಿ ಅಷ್ಟರಲ್ಲಿ ಸುತ್ತುವುದು ಹೆಚ್ಚುಕಡಿಮೆ ಒಂದೇ ಒಂದು ಸುತ್ತು. ಕಾರಿನೊಡನೆ ತಾನೂ ಸಾಗಿದ ಕ್ಯಾಮೆರಾಕ್ಕೆ ಕಾರು ನಿಂತಂತೆಯೂ ಲೋಕ ಓಡಿದಂತೆಯೂ ಕಾಣುತ್ತದೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಗಳುವನ್ನೂ ಅದರ ನೆರಳನ್ನೂ ಅಳಿಸಿದರೆ ಮುಗಿಯಿತು. ನೂರೈವತ್ತರ ವೇಗದ ಆ ಚಿತ್ರ ಹುಟ್ಟಿದ್ದು ಮನುಷ್ಯ ನಡೆಯುವ ವೇಗದಲ್ಲಿ, ನೂಕಿದವರ ಏದುಸಿರಿನಲ್ಲಿ.

ಇದನ್ನು ತಾಯಿಗೆ ಎಷ್ಟು ವಿವರಿಸಿದರೂ ಆಕೆ ನಂಬಲಿಲ್ಲ. ತಂದೆ ಮಾತ್ರ ಕನ್ನಡಕ ಏರಿಸಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿ, “ಗಳು ಎಲ್ಲಿ ಬಿಗಿದಿದ್ರಿ? ಕೆಳಗಿನಿಂದ ಒಂದು ಊರೆ ಕೊಟ್ಟಿದ್ದರೆ ಇನ್ನೂ ಚೂಪಾಗಿ ಬರುತ್ತಿತ್ತು,” ಎಂದರು. ಮನೆಯಲ್ಲಿ ಆ ಕಾರಿಗೆ ದೊರೆತ ಮೊದಲ ಮರ್ಯಾದೆ ಅದು.

ಈ ಸಾವಧಾನದ ಮಾರ್ಗ ಎಲ್ಲರಿಗೂ ಒಗ್ಗುವುದಿಲ್ಲವೆಂಬುದು ದುಃಖದ ಸಂಗತಿ. ಮುಂದೆ ಹೋಗುವ ಕಾರಿನ ಡಿಕ್ಕಿಯನ್ನು ತೆರೆದು, ಅದರೊಳಗೆ ಕಾಲು ಮಡಿಚಿ ಕುಳಿತು, ಹಿಂದೆ ಅಟ್ಟಿಬರುವ ಕಾರನ್ನು ಸೆರೆಹಿಡಿಯುವವರುಂಟು. ಮುಚ್ಚಿದ ಓಟದ ಕಣದಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದು ಮಾಡುವ ಕೆಲಸವನ್ನು ಕನಕಪುರ ರಸ್ತೆಯಲ್ಲಿ, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳ ನಡುವೆ ಮಾಡುವುದು ಶೌರ್ಯವಲ್ಲ, ಅವಿವೇಕ. ಬಿ.ಟಿ.ಎಂ.ನ ಛಾಯಾಗ್ರಾಹಕನ ದೊಡ್ಡ ಗುಣವೆಂದರೆ ಅದನ್ನು ಅವನು ಒಲ್ಲೆನೆಂದದ್ದು. “ಚಿತ್ರ ಇನ್ನೊಂದು ತೆಗೀಬಹುದು” ಎಂದು ಹೇಳಿ, ಮುಂದಿನ ಮಾತನ್ನು ಆಡದೆ ನಿಲ್ಲಿಸುತ್ತಿದ್ದನು.

ಹಾಗೆ ವರ್ಷಗಳು ಕಳೆದವು. ಗೋಡೆಯ ಮೇಲೆ ಪೋಲೋದ ಚಿತ್ರಗಳು ಎರಡು ಮೂರಾದವು. ಅವುಗಳಲ್ಲಿ ಒಂದರಲ್ಲಿಯೂ ಮನುಷ್ಯರಿಲ್ಲ. ನಂಬರು ಫಲಕವೂ ಇಲ್ಲ. ಅಪರಿಚಿತರ ಕಣ್ಣಿಗೆ ಸಂಖ್ಯೆ ಬೀಳಬಾರದು, ಕಾನೂನಿನವರ ಕಣ್ಣಿಗಂತೂ ಬೀಳಲೇಬಾರದು ಎಂದು ಅದನ್ನು ಅಳಿಸಿ ನುಣ್ಣಗೆ ಮಾಡುವುದು ಈ ಚಿತ್ರಗಳ ಪದ್ಧತಿ. ಆ ಚಿತ್ರಗಳ ಪಕ್ಕದಲ್ಲಿಯೇ 1979ರ ಒಂದು ಕಪ್ಪು-ಬಿಳುಪು ಚಿತ್ರ ತೂಗುತ್ತಿದೆ: ಸ್ಟುಡಿಯೋದವನನ್ನು ಮನೆಗೆ ಕರೆಸಿ ಫಿಯೆಟ್ಟಿನ ಮುಂದೆ ತೆಗೆಸಿದ್ದು. ಅಜ್ಜ, ಅಜ್ಜಿ, ಹೊಸದಾಗಿ ಮದುವೆಯಾದ ದಂಪತಿಗಳು, ಚಿಕ್ಕಪ್ಪಂದಿರು, ಪಕ್ಕದ ಮನೆಯ ಇಬ್ಬರು ಮಕ್ಕಳು ಹೀಗೆ ಸಾಲಾಗಿ ನಿಂತು ಕಾರನ್ನು ಪೂರ್ತಿ ಮರೆಮಾಡಿದ್ದಾರೆ. ಕಾಣುವುದು ಒಂದು ಹೆಡ್‌ಲೈಟು, ಮತ್ತು ಮೈಸೂರು ರಾಜ್ಯದ ಕಾಲದ ನಂಬರಿನ ‘ಎಂ ವೈ’ ಎಂಬ ಎರಡಕ್ಷರ.

ಒಮ್ಮೆ ತಂದೆ ಎರಡನ್ನೂ ನೋಡುತ್ತ ನಿಂತು ಹೇಳಿದರು: “ಈ ಎರಡಕ್ಷರದಿಂದ ಅದು ನಮ್ಮ ಗಾಡಿ ಅಂತ ಯಾರಿಗಾದರೂ ಗೊತ್ತಾಗುತ್ತೆ. ನಿನ್ನ ಚಿತ್ರದಲ್ಲಿ ನಂಬರೂ ಇಲ್ಲ, ನೀನೂ ಇಲ್ಲ. ಇದು ಯಾರ ಗಾಡಿಯೋ?”

ಮಗ ನಕ್ಕು ಸುಮ್ಮನಾದನು. ಛಾಯಾಗ್ರಾಹಕನಿಗೆ ಈ ಮಾತು ತಲುಪಿದಾಗ ಅವನು ನಗಲಿಲ್ಲ.

ಸೊಸೆಗೆ ಆರು ತಿಂಗಳು ತುಂಬಿದ ಮೇಲೆ ಕಾರಿನ ಪ್ರಶ್ನೆ ತಾನಾಗಿಯೇ ತೀರ್ಮಾನವಾಯಿತು. ಬಿ.ಟಿ.ಎಂ. ಕಡೆಯ ವೈದ್ಯರಲ್ಲಿಗೆ ಹೋಗಿಬರುವ ದಾರಿಯಲ್ಲಿ ರಸ್ತೆಯುಬ್ಬುಗಳು ಹನ್ನೊಂದು. ಗಟ್ಟಿ ಸ್ಪ್ರಿಂಗಿನ ಕಾರು ಒಂದೊಂದರ ಮೇಲೂ ಕುಕ್ಕುತ್ತಿತ್ತು. ಆಕೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಇಳಿಸಿದ್ದನ್ನ ಏರಿಸು. ಇಲ್ಲ ಅಂದರೆ ನಾವಿಬ್ಬರೂ ಆಟೋದಲ್ಲಿ ಹೋಗ್ತೀವಿ.” ಹಳೆಯ ಸ್ಪ್ರಿಂಗುಗಳು ಮಹಡಿಯ ಮೇಲಿನ ಕೋಣೆಯಲ್ಲಿ ಪತ್ರಿಕೆಯಲ್ಲಿ ಸುತ್ತಿಟ್ಟಂತೆಯೇ ಇದ್ದವು. ಮಂಗಳವಾರ ಗ್ಯಾರೇಜಿಗೆ ಒಯ್ಯುವುದೆಂದಾಯಿತು. ಸೈಲೆನ್ಸರು, ಚಕ್ರಗಳಿಗೆ ಆಗಲೇ ಕೇಳಿಕೊಂಡು ಬಂದವರಿದ್ದರು. ಕೊನೆಯ ಭಾನುವಾರ ಬೆಳಗಿನ ಜಾವ ಛಾಯಾಗ್ರಾಹಕ ಕರೆಯದೆಯೇ ಬಂದನು.

ತುರಹಳ್ಳಿಯ ಕಡೆ ಹೋಗುವುದು ಬೇಡ, ಮನೆಯ ಮುಂದೆಯೇ ಆಗಲಿ ಎಂದವನು ಅವನೇ. ಎದುರಿನ ಟಬೂಬಿಯಾ ಮರ ರಾತ್ರಿಯೆಲ್ಲ ಹೂ ಸುರಿದಿತ್ತು. ಅವನು ಎಂದಿನಂತೆ ನೆಲದ ಮೇಲೆ ಮಲಗಿ, ಗಾಜು ತಿರುವಿ, ಪಕ್ಕದ ಮನೆಯ ನೀರಿನ ಟ್ಯಾಂಕನ್ನು ಬಾನೆಟ್ಟಿನಿಂದ ಅಳಿಸಿ, ಮುಕ್ಕಾಲು ಗಂಟೆಯಲ್ಲಿ ಏಳೆಂಟು ಚಿತ್ರ ತೆಗೆದನು. ಅಷ್ಟರಲ್ಲಿ ಕಾಫಿ ಬಂದಿತು. ಕಾಫಿಯ ಹಿಂದೆ ಮನೆಯವರೆಲ್ಲ ಬಂದರು. ಲೋಟವನ್ನು ಕಾಂಪೌಂಡಿನ ಮೇಲಿಟ್ಟು ಅವನು, “ಅಂಕಲ್, ಎಲ್ಲರೂ ಗಾಡಿ ಮುಂದೆ ನಿಂತುಕೊಳ್ಳಿ,” ಎಂದನು.

ಸ್ಥಳ ನಿಗದಿ ಮಾಡಿದವರು ತಂದೆ. ಸೊಸೆ ನಡುವೆ, ಅವಳ ಪಕ್ಕದಲ್ಲಿ ಮಗ, ಈಚೆ ತಾವು. ತಾಯಿ ಸೆರಗು ಸರಿಪಡಿಸಿಕೊಳ್ಳುತ್ತ ಬಂದು ಎಡಗಡೆಯ ಮುಂಗಾಲಿಯ ಮುಂದೆ ನಿಂತುಕೊಂಡರು.

“ಅಮ್ಮ, ಸ್ವಲ್ಪ ಈ ಕಡೆ ಬಾಮ್ಮ. ಚಕ್ರ ಮರೆಯಾಗುತ್ತೆ.”

“ಆಗಲಿ ಬಿಡೋ. ಇಷ್ಟು ದಿನ ಕಂಡಿದ್ದು ಸಾಲದೆ?”

ಛಾಯಾಗ್ರಾಹಕ ಮೂರು ಚಿತ್ರ ತೆಗೆದು, ಪರದೆಯಲ್ಲಿ ನೋಡಿ, ತಲೆಯೆತ್ತಿದನು. “ಅಂಕಲ್, ನಂಬರು ಅಳಿಸಲಾ?”

“ಬೇಡಪ್ಪ, ಇರಲಿ,” ಎಂದರು ಅವರು.

ಚಿತ್ರ ಈಗ ಗೋಡೆಯ ಮೇಲಿದೆ. ಅದರಲ್ಲಿ ಕಾರಿನ ಬಲಗಡೆಯ ದೀಪ ಕಾಣುತ್ತದೆ, ಮಗನ ಮೊಣಕಾಲಿನ ಪಕ್ಕದಲ್ಲಿ ಫಲಕದ ‘ಕೆಎ 05’ ಕಾಣುತ್ತದೆ. ಉಳಿದುದೆಲ್ಲ ಸೀರೆ, ಪಂಚೆ, ಮತ್ತು ಸೊಸೆಯ ಹೊಟ್ಟೆಯ ಮೇಲಿಟ್ಟ ಎರಡು ಕೈ.